ಕಂಪೌಂಡರಮ್ಮನ ಕೈಗುಣ

ಹಳೆಯ ಕಂಪೌಂಡರು ಕೊಡುತ್ತಿದ್ದ ಕೆಂಪು ಔಷಧದ ಸೀಸೆ ಕೆಲವರಿಗಾದರೂ ನೆನಪಿರಬೇಕು. ಸೀಸೆ ನಾವೇ ಮನೆಯಿಂದ ಒಯ್ದದ್ದು. ಅದರ ಮೈಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ, ಒಂದು ಹಲ್ಲಿಗೆ ಒಂದು ಡೋಸು. ಕೈಗೆ ಕೊಡುವಾಗ ತಪ್ಪದೆ ಒಂದು ಮಾತು: ಚೆನ್ನಾಗಿ ಕುಲುಕಿ ಕುಡಿಸಿ. ಕುಲುಕದೇ ಹೋದರೆ ಏನಾಗುತ್ತದೆ ಎಂದು ನಾವ್ಯಾರೂ ಕೇಳಲಿಲ್ಲ. ಇಂಗ್ಲೆಂಡಿನ ಟಾರ್ಕಿ ಎಂಬ ಕಡಲೂರಿನ ಕಂಪೌಂಡರಮ್ಮನೊಬ್ಬರು ಆ ಪ್ರಶ್ನೆಯನ್ನು ಹಿಡಿದು ಕೂತರು. ಒಂದು ಕೊಲೆ ಹೊಳೆಯಿತು, ಕೊಲೆಗೆ ತಕ್ಕ ಕಾದಂಬರಿಯೂ ಹೊಳೆಯಿತು. ಅವರೇ ಅಗಾಥಾ ಕ್ರಿಸ್ಟಿ.

ಟಾರ್ಕಿಯಲ್ಲೇ 1890ರಲ್ಲಿ ಹುಟ್ಟಿದವರು. 1914ರಲ್ಲಿ ಯುದ್ಧ ಶುರುವಾದಾಗ ಊರಿನ ಪುರಭವನ ಗಾಯಾಳು ಸೈನಿಕರ ಆಸ್ಪತ್ರೆಯಾಯಿತು. ಕ್ರಿಸ್ಟಿ ಅಲ್ಲಿ ಮೊದಲು ದಾದಿ, ಆಮೇಲೆ ಔಷಧ ಬೆರೆಸುವ ಕೋಣೆಯ ಸಹಾಯಕಿ. ವಾರ್ಡಿನಲ್ಲಿ ಬಿಡುವೆಂಬುದಿಲ್ಲ. ಔಷಧ ಕೋಣೆಯಲ್ಲಿ ಹಾಗಲ್ಲ, ಚೀಟಿಗಳ ರಾಶಿ ಮುಗಿದರೆ ಸುಮ್ಮನೆ ಕೂರಬೇಕು. ಸುತ್ತಲೂ ವಿಷದ ಸೀಸೆಗಳು. ಪತ್ತೇದಾರಿ ಕಥೆ ಬರೆಯುವುದು ನಿನ್ನ ಕೈಲಾಗದು ಎಂದು ಅಕ್ಕ ಹಿಂದೊಮ್ಮೆ ಕೆಣಕಿದ್ದಳು. 1916ರಲ್ಲಿ, ಕಂಪೌಂಡರಿಕೆ ಕಲಿಯುತ್ತಲೇ ಬರೆದ ಕಾದಂಬರಿ 'ದ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್'. ಮರುವರ್ಷ ಔಷಧ ಬೆರೆಸುವವರ ಪರೀಕ್ಷೆಯನ್ನೂ ಪಾಸು ಮಾಡಿದರು.

ಆ ಕಾದಂಬರಿ ಓದದೆ ಇರುವವರು, ಓದುವ ಆಸೆಯಿದ್ದವರು, ಈ ಒಂದು ಪ್ಯಾರಾ ದಾಟಿಬಿಡಿ. ಮನೆಯೊಡತಿ ದಿನಾ ಕುಡಿಯುವ ಟಾನಿಕ್ಕಿನಲ್ಲಿ ಸ್ಟ್ರಿಕ್ನೀನ್ ಇದೆ. ನಮ್ಮ ಕಾಸರಕನ ಬೀಜದಲ್ಲಿರುವ ವಿಷವೇ ಅದು. ಅತ್ಯಲ್ಪ ಪ್ರಮಾಣದಲ್ಲಿ ಅದನ್ನು ಶಕ್ತಿಯ ಮದ್ದೆಂದು ಕೊಡುತ್ತಿದ್ದ ಕಾಲ. ಕೊಲೆಗಾರ ಹೊರಗಿನಿಂದ ವಿಷ ತರುವುದೇ ಇಲ್ಲ. ನಿದ್ದೆಗೆಂದು ಕೊಡುವ ಬ್ರೋಮೈಡ್ ಪುಡಿಯನ್ನು ಸೀಸೆಗೆ ಸೇರಿಸಿದ್ದಾಯಿತು, ಅಷ್ಟೇ. ಸ್ಟ್ರಿಕ್ನೀನ್ ಹರಳುಗಟ್ಟಿ ತಳ ಸೇರುತ್ತದೆ. ಮೇಲಿನ ಡೋಸುಗಳು ಸಪ್ಪೆ. ಕೊನೆಯ ಡೋಸಿನಲ್ಲಿ ಇಡೀ ಸೀಸೆಯ ವಿಷ. ಅಷ್ಟು ಹೊತ್ತಿಗೆ ಕೊಲೆಗಾರ ಎಲ್ಲೋ ದೂರದಲ್ಲಿ, ಸಾಕ್ಷಿ ಸಮೇತ.

ಹಲವು ಪ್ರಕಾಶಕರು ಹಸ್ತಪ್ರತಿಯನ್ನು ಹಿಂತಿರುಗಿಸಿದರು. ಕೊನೆಗೆ ಒಪ್ಪಿಕೊಂಡ ಬಾಡ್ಲಿ ಹೆಡ್ ಸಂಸ್ಥೆಯಿಂದ ಕೈಗೆ ಬಂದದ್ದು 25 ಪೌಂಡು. ಪುಸ್ತಕ 1920ರಲ್ಲಿ ಅಮೆರಿಕದಲ್ಲಿ, ಮರುವರ್ಷ ಇಂಗ್ಲೆಂಡಿನಲ್ಲಿ ಹೊರಬಂತು. ಔಷಧ ವ್ಯಾಪಾರಿಗಳ ವೃತ್ತಿಪತ್ರಿಕೆಯೊಂದು ವಿಷದ ವಿವರಗಳು ಸರಿಯಾಗಿವೆ ಎಂದು ಮೆಚ್ಚಿತು. ಆ ಹೊಗಳಿಕೆ ಕ್ರಿಸ್ಟಿಗೆ ಬಲು ಪ್ರಿಯ. ಗಾರೆ ಕೆಲಸದವನಿಗೆ ಇನ್ನೊಬ್ಬ ಗಾರೆಯವನು ಭೇಷ್ ಅಂದಂತೆ.

ಮುಂದಿನದು ಎಲ್ಲರೂ ಬಲ್ಲ ಕಥೆ: 66 ಪತ್ತೇದಾರಿ ಕಾದಂಬರಿ, ಪ್ವಾರೋ, ಮಿಸ್ ಮಾರ್ಪಲ್ ಎಂಬ ಪತ್ತೇದಾರರು, 1952ರಲ್ಲಿ ಲಂಡನ್ನಿನಲ್ಲಿ ಶುರುವಾಗಿ ದಶಕಗಟ್ಟಲೆ ನಡೆದ 'ಮೌಸ್‌ಟ್ರ್ಯಾಪ್' ನಾಟಕ. 1926ರಲ್ಲಿ ಆಕೆ ಹನ್ನೊಂದು ದಿನ ನಾಪತ್ತೆಯಾದದ್ದರ ಬಗ್ಗೆ ಬೇಕಾದ್ದಕ್ಕಿಂತ ಹೆಚ್ಚೇ ಬರೆದಾಗಿದೆ. ನಾನು ಮತ್ತೆ ಕೆದಕುವುದಿಲ್ಲ. ಭಾಷೆಯ ಸೊಗಸಿಗಾಗಿ ಯಾರೂ ಕ್ರಿಸ್ಟಿಯನ್ನು ಓದುವುದಿಲ್ಲ. ಪಾತ್ರಗಳೂ ಎಷ್ಟೋ ಸಲ ತೆಳು. ಆದರೆ ಅಳತೆ! ಯಾವ ಸುಳಿವನ್ನು ಯಾವ ಪುಟದಲ್ಲಿ ಎಷ್ಟು ಗುಂಜಿ ಹಾಕಬೇಕು, ಯಾವ ಹರಟೆಯಲ್ಲಿ ಕರಗಿಸಿ ಕಾಣದಂತೆ ಮಾಡಬೇಕು ಎಂಬುದರಲ್ಲಿ ತಕ್ಕಡಿ ಹಿಡಿದ ಕೈ ಕಾಣುತ್ತದೆ. ಸುಳಿವೆಲ್ಲ ಓದುಗನ ಎದುರಿಗೇ ಇರುತ್ತದೆ, ತಳದಲ್ಲಿ. ಕುಲುಕಿ ನೋಡಲು ನಮಗೆ ಹೊಳೆಯುವುದಿಲ್ಲ.

ಆ ಕೈಯನ್ನು ಪಳಗಿಸಿದ್ದು ಭಯವೂ ಹೌದು. ತರಬೇತಿಗೆ ಹೋಗುತ್ತಿದ್ದ ಅಂಗಡಿಯ ಔಷಧಗಾರನೊಬ್ಬನನ್ನು ಕ್ರಿಸ್ಟಿ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಒಂದು ದಿನ ಅವನು ಔಷಧದ ಬತ್ತಿಗಳನ್ನು ಎರಕ ಹೊಯ್ಯುವಾಗ ದಶಾಂಶದ ಚುಕ್ಕಿ ಜರುಗಿಸಿಬಿಟ್ಟ. ಮದ್ದು ಹತ್ತು ಪಟ್ಟು. ದೊಡ್ಡವರಿಗೆ ತಪ್ಪು ಹೇಳುವುದು ಹೇಗೆ? ಹುಡುಗಿ ಎಡವಿದಂತೆ ನಟಿಸಿ ಎಲ್ಲವನ್ನೂ ನೆಲಕ್ಕೆ ಬೀಳಿಸಿ ಮೇಲೆ ಕಾಲಿಟ್ಟು ಅರೆದಳು. ಅದೇ ಮನುಷ್ಯ ಇನ್ನೊಂದು ದಿನ ಜೇಬಿನಿಂದ ಕಪ್ಪು ಗಟ್ಟಿಯೊಂದನ್ನು ತೆಗೆದು ತೋರಿಸಿದ. ಬಾಣದ ತುದಿಗೆ ಸವರುವ ಕ್ಯುರಾರೆ ವಿಷ. ಅದು ಜೇಬಿನಲ್ಲಿದ್ದರೆ ತನಗೇನೋ ಬಲ ಬಂದಂತೆ ಅನಿಸುತ್ತದೆ ಎಂದನಂತೆ.

ಅವನನ್ನು ಕ್ರಿಸ್ಟಿ ಮರೆಯಲಿಲ್ಲ. ಎರಡನೇ ಯುದ್ಧದಲ್ಲಿ, ಹೆಸರಾಂತ ಲೇಖಕಿಯಾದ ಮೇಲೂ, ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಆಸ್ಪತ್ರೆಯ ಔಷಧ ಕೋಣೆಗೆ ಮತ್ತೆ ದುಡಿಯಲು ಹೋದರು. 1961ರ 'ದ ಪೇಲ್ ಹಾರ್ಸ್' ಕಾದಂಬರಿಯ ಹಿಂದೆ ಆ ಜೇಬಿನ ವಿಷದ ಮನುಷ್ಯ ಇದ್ದಾನೆ. ಇಲ್ಲಿ ಕೊಲ್ಲುವುದು ಥ್ಯಾಲಿಯಂ, ಬಣ್ಣವಿಲ್ಲದ ರುಚಿಯಿಲ್ಲದ ವಿಷ. ಸಾವುಗಳೆಲ್ಲ ಬೇರೆ ಬೇರೆ ಕಾಯಿಲೆಯಂತೆ ಕಾಣುತ್ತವೆ. ಎಲ್ಲದರಲ್ಲೂ ಸಮಾನವಾದದ್ದು ಒಂದೇ, ಕೂದಲು ಬುಡಸಮೇತ ಕಿತ್ತುಬರುವುದು.

1977ರಲ್ಲಿ ಕತಾರಿನಿಂದ ಒಂದು ಹಸುಳೆಯನ್ನು ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಗೆ ತಂದರು. ಕಾಯಿಲೆ ಏನೆಂದು ವೈದ್ಯರಿಗೆ ತಿಳಿಯುತ್ತಿಲ್ಲ. ಮಗುವಿನ ಆರೈಕೆಗಿದ್ದ ದಾದಿ ಆ ದಿನಗಳಲ್ಲಿ 'ದ ಪೇಲ್ ಹಾರ್ಸ್' ಓದುತ್ತಿದ್ದಳು. ಮಗುವಿನ ಕೂದಲು ಉದುರುವುದು ಕಂಡು, ಇದು ಥ್ಯಾಲಿಯಂ ಇರಬಹುದೇ ಎಂದು ಕೇಳಿದಳು. ಪರೀಕ್ಷೆ ಮಾಡಿಸಿದರೆ ಅದೇ. ಮಗು ಚೇತರಿಸಿಕೊಂಡಿತು. ಕಂಪೌಂಡರಮ್ಮ ಹಿಂದಿನ ವರ್ಷದ ಜನವರಿಯಲ್ಲೇ ತೀರಿಕೊಂಡಿದ್ದರು.