ಕೆರೆಯ ಮೀನುಗಳನ್ನು ಬಲೆಯಿಂದ ತೆಗೆದು ಸಾಗಿಸುವ ಕ್ರಮ

ಬೇಸಗೆಯಲ್ಲಿ ಕೆರೆಯ ನೀರು ತಗ್ಗುತ್ತ ಬಂದಾಗ ಅದರಲ್ಲಿರುವ ಮೀನುಗಳು ಒಂದೇ ರಾತ್ರಿಯಲ್ಲಿ ಸತ್ತು ತೇಲುವುದುಂಟು. ಇದರಿಂದ ಮೀನಿನ ಹುಟ್ಟುವಳಿ ನಷ್ಟವಾಗುವುದಲ್ಲದೆ, ದನಕರುಗಳು ಕುಡಿಯುವ ನೀರೂ ಕೆಡುವುದು. ಈ ಹಾನಿಯನ್ನು ತಪ್ಪಿಸಲು ಇಂಗ್ಲೆಂಡಿನ ಗಾಳದ ಸಂಘಗಳವರು ಅನುಸರಿಸುವ ಕ್ರಮವು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿಯತಕ್ಕದ್ದಾಗಿದೆ.

ಆ ದೇಶದ ಸರೋವರಗಳಲ್ಲಿ ಗಾಳ ಹಾಕುವುದು ಹೆಚ್ಚಾಗಿ ವಿನೋದಕ್ಕಾಗಿ. ಹಿಡಿದ ಗೆಂಡೆ ಮೀನನ್ನು ಸಾಧಾರಣವಾಗಿ ಪುನಃ ನೀರಿಗೇ ಬಿಡುವರು. ಆದಕಾರಣ ಮೀನುಗಳ ಸಂಖ್ಯೆಯು ಮಿತಿಮೀರಿ, ಆಹಾರ ಸಾಲದೆ ಅವು ಬೆಳೆಯದೆ ನಿಲ್ಲುವುವು. ಆಗ ಸಂಘದ ಸದಸ್ಯರು ಕೂಲಿಯಿಲ್ಲದೆ ಒಟ್ಟುಗೂಡಿ, ಹೆಚ್ಚಾದ ಮೀನುಗಳನ್ನು ಬಲೆಯಿಂದ ತೆಗೆದು ಬೇರೆ ಸರೋವರಕ್ಕೆ ಸಾಗಿಸುವರು. ಆದರೆ ಇದು ಮನಬಂದಂತೆ ಮಾಡುವ ಕೆಲಸವಲ್ಲ. ಮೀನಿನೊಡನೆ ರೋಗವೂ ಹರಡಬಹುದಾದ್ದರಿಂದ, ಮೀನನ್ನು ಒಳನಾಡಿನ ನೀರಿಗೆ ಬಿಡುವುದಕ್ಕೆ 2015ರ ನಿಯಮಗಳ ಪ್ರಕಾರ ಅಲ್ಲಿನ ಸರ್ಕಾರದ ಪರಿಸರ ಸಂಸ್ಥೆಯ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು.

ಈ ಕೆಲಸಕ್ಕೆ ಅವರು ತಂಪಾದ ತಿಂಗಳುಗಳನ್ನೇ ಆರಿಸುವರು. ಯಾತಕ್ಕೆಂದರೆ, ಮೀನು ಉಸಿರಾಡುವ ಆಮ್ಲಜನಕವು ತಣ್ಣೀರಿನಲ್ಲಿ ಹೆಚ್ಚಾಗಿ ಕರಗಿರುವುದು. 10 ಡಿಗ್ರಿ ಸೆಂಟಿಗ್ರೇಡ್ ಉಷ್ಣದ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿರಬಲ್ಲುದು; ಉಷ್ಣವು 30 ಡಿಗ್ರಿಗೆ ಏರಿದರೆ ಏಳೂವರೆ ಮಿಲಿಗ್ರಾಂ ಮಾತ್ರ. ರಾತ್ರಿಯಲ್ಲಿ ಪಾಚಿ ಮತ್ತು ಜಲಸಸ್ಯಗಳೂ ಇದನ್ನೇ ಸೇವಿಸುವುದರಿಂದ, ಮುಂಜಾವದ ಹೊತ್ತಿಗೆ ಆಮ್ಲಜನಕವು ಅತ್ಯಂತ ಕಡಮೆಯಾಗಿರುವುದು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುವುದು ಇದರ ಗುರುತು. ಆ ಸ್ಥಿತಿಯಲ್ಲಿ ಬಲೆ ಎಳೆದರೆ ಕೆಸರು ಕದಡಿ ಉಳಿದ ಮೀನುಗಳೂ ಸಾಯುವುವು. ಆಗ ಮೊದಲು ಪಂಪಿನಿಂದ ನೀರನ್ನು ಎತ್ತಿ ಚಿಮುಕಿಸಿ ಗಾಳಿ ಸೇರಿಸಬೇಕು.

ಬಲೆಯ ಮೇಲಂಚಿಗೆ ತೇಲುವ ಬೆಂಡುಗಳನ್ನೂ ಕೆಳಅಂಚಿಗೆ ಸೀಸದ ಗುಂಡುಗಳನ್ನೂ ಕಟ್ಟಿರುವರು. ಕೆಳಅಂಚು ನೆಲವನ್ನು ಬಿಡದಂತೆ ಎರಡು ಕಡೆಯಿಂದಲೂ ನಿಧಾನವಾಗಿ ದಡಕ್ಕೆ ಎಳೆಯುವರು. ಗಂಟಿಲ್ಲದ ಹೆಣಿಗೆಯ ಬಲೆಯಾದರೆ ಮೀನಿನ ಹುರುಪೆ ಕೀಳುವುದಿಲ್ಲ. ಮೀನಿನ ಮೈಮೇಲಿನ ಲೋಳೆಯು ಅದನ್ನು ರೋಗದಿಂದ ಕಾಪಾಡುವುದರಿಂದ, ಒದ್ದೆ ಕೈಗಳಿಂದಲೇ ಮುಟ್ಟತಕ್ಕದ್ದು. ಮೇವು ಹಾಕುವ ವಾಡಿಕೆಯಿದ್ದಲ್ಲಿ ಹಿಂದಿನ ದಿನ ನಿಲ್ಲಿಸಿದರೆ, ಸಾಗಿಸುವ ತೊಟ್ಟಿಯ ನೀರು ಬೇಗ ಕೆಡದು. ಹೊಸ ನೀರಿಗೆ ಬಿಡುವ ಮುನ್ನ ಆ ನೀರನ್ನು ಸ್ವಲ್ಪಸ್ವಲ್ಪವಾಗಿ ತೊಟ್ಟಿಗೆ ಬೆರೆಸಿ, ಎರಡರ ಉಷ್ಣವನ್ನೂ ಸಮನಾಗಿಸಬೇಕು.

ಇಂಗ್ಲೆಂಡಿನ ಗೆಂಡೆ ಮೀನಿನ ಜಾತಿಯದೇ ನಮ್ಮ ಸಾಮಾನ್ಯ ಗೆಂಡೆ. 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ತರಲ್ಪಟ್ಟಿತು. ಆದುದರಿಂದ ಮೇಲಿನ ಕ್ರಮವು ಇಲ್ಲಿಯೂ ಸಲ್ಲುವುದು. ಕಾಟ್ಲಾ, ರೋಹುಗಳಿಗೂ ಅಷ್ಟೇ ಎಚ್ಚರ ಬೇಕು. ಕೊರವ ಮೀನು ಹೊರಗಿನ ಗಾಳಿಯನ್ನೂ ಸೇವಿಸಬಲ್ಲುದಾದರೂ ಇತರ ಮೀನುಗಳನ್ನು ತಿನ್ನುವುದರಿಂದ ಅದನ್ನು ಬೇರೆ ತೊಟ್ಟಿಯಲ್ಲಿಡಬೇಕು. ಆಫ್ರಿಕಾದ ಕ್ಯಾಟ್‌ಫಿಶ್ ಸಾಕುವುದು ನಮ್ಮ ದೇಶದಲ್ಲಿ ನಿಷಿದ್ಧ. ಬಲೆಗೆ ಬಿದ್ದರೆ ಅದನ್ನು ಯಾವ ಕೆರೆಗೂ ಬಿಡಕೂಡದು.

ಕೆರೆಯ ಮೀನು ಗುತ್ತಿಗೆಯಾಗಿದ್ದಲ್ಲಿ ಗುತ್ತಿಗೆದಾರರ ಒಪ್ಪಿಗೆಯಿಲ್ಲದೆ ಬಲೆ ಇಳಿಸಬಾರದು. ಮೀನುಗಾರಿಕೆ ಇಲಾಖೆಯವರ ಸಲಹೆಯನ್ನೂ ಕೇಳಬೇಕು. ಮಾಘ ಮಾಸದಲ್ಲಿಯೇ ನೀರಿನ ಆಳವನ್ನು ನೋಡಿ, ಬೇಸಗೆಗೆ ಸಾಲದೆಂದು ಕಂಡರೆ, ಮೀನನ್ನು ಎಲ್ಲಿಗೆ ಸಾಗಿಸತಕ್ಕದ್ದೆಂಬುದನ್ನು ಗ್ರಾಮಸ್ಥರೆಲ್ಲರೂ ಕೂಡಿ ಗೊತ್ತುಮಾಡುವುದು ಒಳ್ಳೆಯದು. ಹತ್ತಾರು ಮಂದಿ ಒಂದು ದಿನ ದುಡಿದರೆ ಉಳಿಯಬಹುದಾದ ಮೀನು, ಚೈತ್ರದವರೆಗೆ ತಡಮಾಡಿದರೆ ಉಳಿಯದು.