ತೋಟದ ಪಾಲು ಕೇಳಲು ಕೋರ್ಟ್ ಫೀ ಇಲ್ಲದವರಿಗೂ ದಾರಿ ಇದೆ

ಸಕಲೇಶಪುರ, ಆಲೂರು ಕಡೆಯ ನಮ್ಮ ಮನೆಗಳಲ್ಲಿ ಬಾಪ ತೀರಿಕೊಂಡ ಮೇಲೆ ಕಾಫಿ, ಮೆಣಸು ಎಲ್ಲ ಗಂಡುಮಕ್ಕಳ ಕೈಯಲ್ಲೇ ಉಳಿಯುವುದು ಹೊಸತೇನಲ್ಲ. ಶಿರಾಡಿ ಘಾಟಿ ಇಳಿದು ಬಂಟ್ವಾಳಕ್ಕೋ ಮಂಗಳೂರಿಗೋ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಪಾಲು ‘ಈ ಸಲ ಕೊಯ್ಲು ಮುಗೀಲಿ, ನೋಡೋಣ’ ಎಂಬ ಮಾತಿನಲ್ಲೇ ಕಳೆಯುತ್ತದೆ. ಮಗನ ಪಾಲಿನ ಅರ್ಧ ಮಗಳಿಗೆ, ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು ಎಂಬುದು ಮದ್ರಸದಲ್ಲಿ ಓದಿದವರಿಗೆ ಗೊತ್ತು. ಗೊತ್ತಿರೋದು ಬೇರೆ, ಕೊಡೋದು ಬೇರೆ.

ಜಮಾಅತ್‌ನ ಹಿರಿಯರು ಕೂರಿಸಿ ಮಾತಾಡಿ ಬಗೆಹರಿಸಿದರೆ ಒಳ್ಳೆಯದೇ. ಆಗದಿದ್ದರೆ ಕೋರ್ಟು. ಅಲ್ಲಿ ಮೊದಲು ಅಡ್ಡ ನಿಲ್ಲುವುದು ಫೀ. ಆಸ್ತಿ ಇನ್ನೂ ಜಂಟಿ ಸ್ವಾಧೀನದಲ್ಲಿದೆ ಎಂದಾದರೆ, ಕರ್ನಾಟಕದ 1958ರ ಕೋರ್ಟ್ ಫೀ ಕಾಯ್ದೆಯ ಪ್ರಕಾರ ಪಾಲಿನ ದಾವೆಗೆ ಹೆಚ್ಚೆಂದರೆ 200 ರೂಪಾಯಿ. ಆದರೆ ಹೊರಗೆ ಹಾಕಲ್ಪಟ್ಟವಳು ತನ್ನ ಪಾಲಿನ ಮೌಲ್ಯದ ಮೇಲೆ ಫೀ ಕಟ್ಟಬೇಕು. ತೋಟದ ಇಂದಿನ ಬೆಲೆಗೆ ಅದು ಬಡ ವಿಧವೆಯ ಕೈಗೆಟಕುವ ಮೊತ್ತವಲ್ಲ.

ಇಂಥವರಿಗಾಗಿಯೇ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 33ನೇ ಆದೇಶ ಇದೆ. ಫೀ ಕಟ್ಟದೆ ದಾವೆ ಹೂಡಲು ಕೋರ್ಟಿನ ಅನುಮತಿ ಕೇಳುವುದು. ಹಳಬರ ಬಾಯಲ್ಲಿ ಇದು ಇನ್ನೂ ‘ಪಾಪರ್ ಅರ್ಜಿ’. ನಮ್ಮಲ್ಲಿ ಪಾಪರ್ ಆಗುವುದು ಎಂದರೆ ದಿವಾಳಿ ಎದ್ದ ಹಾಗೆ, ಅದಕ್ಕೇ ಹೆಸರು ಕೇಳಿಯೇ ಹಿಂಜರಿಯುತ್ತಾರೆ. 1976ರ ತಿದ್ದುಪಡಿಯಲ್ಲೇ ಆ ಪದ ಹೋಗಿ ‘ನಿರ್ಗತಿಕ ವ್ಯಕ್ತಿ’ ಬಂತು. ದಿವಾಳಿಗೂ ಇದಕ್ಕೂ ಸಂಬಂಧವಿಲ್ಲ.

‘ನಿಂಗೆ ತೋಟದಲ್ಲಿ ಪಾಲಿದೆಯಲ್ಲ, ನೀನೆಂಥ ಬಡವಿ?’ ಎಂದು ಎದುರಿನವರು ಕೇಳಿಯೇ ಕೇಳುತ್ತಾರೆ. ಹೆದರಬೇಕಿಲ್ಲ. ಶಕ್ತಿ ಅಳೆಯುವಾಗ ಯಾವ ಆಸ್ತಿಗಾಗಿ ದಾವೆಯೋ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಜಪ್ತಿ ಮಾಡಬಾರದ ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆಯನ್ನೂ ಹಿಡಿಯುವುದಿಲ್ಲ. ಮದುವೆಯ ಚಿನ್ನ, ಬ್ಯಾಂಕಿನ ದುಡ್ಡು ಮಾತ್ರ ಅರ್ಜಿಯ ಪಟ್ಟಿಯಲ್ಲಿ ಬರೆಯಲೇಬೇಕು. ಅರ್ಜಿಗೆ ಎರಡು ತಿಂಗಳೊಳಗೆ ಮೋಸದಿಂದ ಯಾರದೋ ಹೆಸರಿಗೆ ಆಸ್ತಿ ಮಾಡಿಟ್ಟದ್ದು ತಿಳಿದರೆ ಅರ್ಜಿ ಬಿದ್ದುಹೋಗುತ್ತದೆ. ‘ಕೇಸ್ ನಾನು ನಡೆಸ್ತೇನೆ, ಗೆದ್ದರೆ ಒಂದೆಕರೆ ನನಗೆ’ ಎನ್ನುವ ವ್ಯಾಪಾರಿಯ ಜತೆ ಒಪ್ಪಂದ ಮಾಡಿಕೊಂಡರೂ ಅಷ್ಟೇ. ಇಂಥವರು ನಮ್ಮ ಪೇಟೆಗಳಲ್ಲಿ ಕಮ್ಮಿಯೇನಿಲ್ಲ.

ಜಮೀನಿನ ದಾವೆ ಜಮೀನು ಇರುವ ಕಡೆಯ ಕೋರ್ಟಿಗೇ ಹೋಗಬೇಕು. ಬಂಟ್ವಾಳದಲ್ಲಿದ್ದವಳು ಘಟ್ಟ ಹತ್ತಿಯೇ ಬರಬೇಕು. ಅರ್ಜಿಯನ್ನು ಖುದ್ದಾಗಿ ಕೊಡುವುದು ನಿಯಮ. ಪರ್ದಾ ಪದ್ಧತಿಯ ಕಾರಣ ಹಾಜರಿಯಿಂದ ವಿನಾಯಿತಿ ಇರುವ ಹೆಂಗಸಿನ ಪರವಾಗಿ, ವಿಷಯ ಬಲ್ಲ ಅಧಿಕೃತ ಪ್ರತಿನಿಧಿ ಕೊಡಬಹುದು. ಬಳಿಕ ಕೋರ್ಟಿನ ಅಧಿಕಾರಿ ಆರ್ಥಿಕ ಸ್ಥಿತಿಯ ವಿಚಾರಣೆ ಮಾಡುತ್ತಾರೆ, ಎದುರುದಾರರಿಗೂ ಸರಕಾರಿ ವಕೀಲರಿಗೂ ನೋಟಿಸ್ ಹೋಗುತ್ತದೆ. ವಕೀಲರಿಲ್ಲದವರಿಗೆ ಕೋರ್ಟೇ ವಕೀಲರನ್ನು ನೇಮಿಸಬಹುದು.

ಈ ವಿಚಾರಣೆ ಎಳೆದಾಡಿತೆಂದು ಕಾಲಮಿತಿಯ ಭಯ ಬೇಡ. ಅನುಮತಿ ಸಿಕ್ಕರೆ ಅರ್ಜಿ ಕೊಟ್ಟ ದಿನವೇ ದಾವೆ ಹೂಡಿದ ದಿನ. ಅರ್ಜಿ ತಿರಸ್ಕಾರವಾದರೂ ಫೀ ಕಟ್ಟಲು ಕೋರ್ಟ್ ಸಮಯ ಕೊಡಬಹುದು. ಆದರೆ ‘ಪಾಲು ಇಲ್ಲ’ ಎಂದು ಖಡಾಖಂಡಿತ ಹೇಳಿಸಿಕೊಂಡ ಮೇಲೂ 12 ವರ್ಷ ಸುಮ್ಮನಿದ್ದರೆ ಹಕ್ಕಿಗೇ ಕುತ್ತು.

1992ರಲ್ಲಿ ಎ.ಎ. ಹಾಜಾ ಮುನಿಯುದ್ದೀನ್ ರೈಲ್ವೆ ವಿರುದ್ಧ ಹೋದ ಪ್ರಕರಣದಲ್ಲಿ, ಫೀ ಕಟ್ಟಲು ದುಡ್ಡಿಲ್ಲ ಎಂಬ ಒಂದೇ ಕಾರಣಕ್ಕೆ ನ್ಯಾಯದ ಬಾಗಿಲು ಮುಚ್ಚುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೂ ಈ 33ನೇ ಆದೇಶ ಅನ್ವಯ ಎಂದಿತು.

ಇದು ಮಾಫಿ ಅಲ್ಲ, ಮುಂದೂಡಿಕೆ ಎಂಬುದೂ ತಿಳಿದಿರಲಿ. ಗೆದ್ದರೆ ಕೋರ್ಟ್ ಸೂಚಿಸಿದವರಿಂದ ಸರಕಾರ ಫೀ ವಸೂಲಿ ಮಾಡುತ್ತದೆ, ಅದು ಆ ಆಸ್ತಿಯ ಮೇಲೆ ಮೊದಲ ಹೊರೆ. ಸೋತರೆ ಅರ್ಜಿದಾರಳೇ ಕಟ್ಟಬೇಕು.

ಅರ್ಜಿಗೆ ಮೊದಲು ತಾಲೂಕು ಕಾನೂನು ಸೇವಾ ಸಮಿತಿಗೆ ಒಮ್ಮೆ ಹೋಗಿ ಬನ್ನಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹತೆ ಇದೆ. ಪಹಣಿ, ಬಾಪನ ಮರಣ ಪತ್ರ, ವಾರಸುದಾರರ ಹೆಸರುಗಳ ಪಟ್ಟಿ ಜತೆಗಿರಲಿ. ಘಟ್ಟ ಹತ್ತುವ ಮುನ್ನ ಫೋನಿನಲ್ಲಿ ಕೇಳಬೇಕಿದ್ದರೆ ಸಹಾಯವಾಣಿ 15100.