ಅರವತ್ತೆಂಟು ದೊಡ್ಡದೋ, ಅರವತ್ತೊಂಬತ್ತು ದೊಡ್ಡದೋ?

ರಾಯಚೂರಿನ ಸಮೀಪದ ಕಲ್ಮಲದಲ್ಲಿ ವರ್ಷಕ್ಕೆ 70 ಸೆಂಟಿಮೀಟರ್ ಮಳೆ ಬಿದ್ದರೆ ರೈತನು ಸಂತುಷ್ಟನಾಗುವನು. ಅಷ್ಟೇ ಮಳೆ ಆಗುಂಬೆಯಲ್ಲಿ ಬಿದ್ದರೆ ಅದನ್ನು ಘೋರವಾದ ಬರಗಾಲವೆನ್ನಬೇಕಾದೀತು. ಮಳೆಮಾಪಕ ತೋರಿಸುವ ಅಂಕಿ ಒಂದೇ. ಅದಕ್ಕೆ ಅರ್ಥ ಕೊಡುವುದು ಆಯಾ ಸ್ಥಳದ ಸರಾಸರಿ. ಕ್ರಿಕೆಟ್ ದಾಂಡಿಗನ ರನ್ನುಗಳನ್ನು ಅಳೆಯುವಾಗ ಮಾತ್ರ ನಾವು ಈ ಸರಳ ನಿಯಮವನ್ನು ಮರೆತುಬಿಡುತ್ತೇವೆ.

ರಾಹುಲ್ ದ್ರಾವಿಡರ ಎರಡು ಇನಿಂಗ್ಸುಗಳನ್ನು ತೆಗೆದುಕೊಳ್ಳೋಣ. 1997ರಲ್ಲಿ ಕೊಲಂಬೊ ನಗರದಲ್ಲಿ ಶ್ರೀಲಂಕಾದ ವಿರುದ್ಧ ಅವರು ಗಳಿಸಿದುದು 69. 2006ರಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಎರಡನೆಯ ಸರದಿಯಲ್ಲಿ ಗಳಿಸಿದುದು 68. ದಾಖಲೆಯ ಪುಸ್ತಕದಲ್ಲಿ ಮೊದಲನೆಯದೇ ಒಂದು ರನ್ನು ಹೆಚ್ಚು.

ಈಗ ಸುತ್ತಲಿನ ಪರಿಸ್ಥಿತಿಯನ್ನು ನೋಡೋಣ. ಕೊಲಂಬೊದಲ್ಲಿ ಭಾರತ 8 ವಿಕೆಟಿಗೆ 537 ರನ್ನು ಮಾಡಿತು. (ಅದಕ್ಕೆ ಉತ್ತರವಾಗಿ ಶ್ರೀಲಂಕಾ 6 ವಿಕೆಟಿಗೆ 952 ರನ್ನು ಗುಡ್ಡೆಹಾಕಿತು, ಬೌಲರುಗಳ ಪಾಲಿಗೆ ಆ ಅಂಕಣ ಬಂಡೆಯೇ ಸರಿ.) ದ್ರಾವಿಡರ 69ನ್ನೂ ಅವರ ವಿಕೆಟನ್ನೂ ಕಳೆದರೆ ಉಳಿಯುವುದು 7 ವಿಕೆಟಿಗೆ 468, ಅಂದರೆ ವಿಕೆಟಿಗೆ ಸುಮಾರು 67. ತೂಗಬೇಕಾದವನನ್ನೇ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಯೂ ಕೂರಿಸಬಾರದು. ಆದುದರಿಂದಲೇ ಈ ವ್ಯವಕಲನ. ಇತರರ ಸರಾಸರಿಯನ್ನು 100 ಎಂದಿಟ್ಟರೆ ದ್ರಾವಿಡರ ಸೂಚ್ಯಂಕ 103.

ಕಿಂಗ್‌ಸ್ಟನ್ನಿನಲ್ಲಿ ಭಾರತದ ಎರಡನೆಯ ಇನಿಂಗ್ಸು 171ಕ್ಕೆ ಮುಗಿಯಿತು. ಅವರನ್ನು ಬಿಟ್ಟರೆ 9 ವಿಕೆಟಿಗೆ 103, ಸರಾಸರಿ 11.4. ಸೂಚ್ಯಂಕ 590ನ್ನೂ ಮೀರುತ್ತದೆ! ಭಾರತ ಆ ಪಂದ್ಯವನ್ನು ಗೆದ್ದುದು 49 ರನ್ನುಗಳಿಂದ. ಒಂದು ರನ್ನು ಕಡಿಮೆಯಾದ ಆಟ ಐದಾರು ಪಾಲು ಹಿರಿದೆಂದು ಲೆಕ್ಕವೇ ಹೇಳುತ್ತಿದೆ.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಈ ವಿಧಾನ ಬಹಳ ರೂಢಿಯಲ್ಲಿದೆ. ಅಲ್ಲಿ ಆ ವರ್ಷದ ಇಡೀ ಲೀಗಿನ ಸರಾಸರಿಯನ್ನು 100 ಎಂದು ಹಿಡಿದು, ಮೈದಾನ ಹೊಡೆತಗಾರನಿಗೆ ಅನುಕೂಲವೋ ಪ್ರತಿಕೂಲವೋ ಎಂಬುದನ್ನೂ ಸರಿಹೊಂದಿಸಿ, ಪ್ರತಿಯೊಬ್ಬ ಹೊಡೆತಗಾರನಿಗೂ ಒಂದು ಅಂಕವನ್ನು ಕೊಡುತ್ತಾರೆ. ಕ್ರಿಕೆಟ್ಟಿಗೆ ಅದನ್ನು ಹಾಗೆಯೇ ತರುವಾಗ ಎರಡು ತೊಡಕುಗಳಿವೆ. ಬಾಲದ ಕಡೆಯ ಬೌಲರುಗಳೂ ದಾಂಡು ಹಿಡಿಯಬೇಕಾದುದರಿಂದ ತಂಡದ ಸರಾಸರಿ ತಗ್ಗಿರುತ್ತದೆ; ಮೇಲಿನ ಕ್ರಮಾಂಕದವರಿಗೆ 100 ದಾಟುವುದು ಅಷ್ಟೇನೂ ಕಷ್ಟವಲ್ಲ.

ಎರಡನೆಯ ತೊಡಕು ಹೆಚ್ಚು ಸ್ವಾರಸ್ಯವಾದುದು. ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ 1975ರ ಜನವರಿಯಲ್ಲಿ ಮದರಾಸಿನಲ್ಲಿ ಆಂಡಿ ರಾಬರ್ಟ್ಸ್‌ನ ಬಿರುಸಿನ ದಾಳಿಯ ಎದುರು 97 ರನ್ನು ಮಾಡಿ ಔಟಾಗದೆ ಉಳಿದರು. ಭಾರತದ ಮೊತ್ತ 190. ಇತರ ಹತ್ತು ಮಂದಿ, ಬೈ, ನೋಬಾಲು ಮೊದಲಾದ ಇತರೆ ರನ್ನುಗಳನ್ನು ಸೇರಿಸಿಕೊಂಡರೂ, ಗಳಿಸಿದುದು 93; ಸರಾಸರಿ 9.3. ವಿಶ್ವನಾಥರ ಸರಾಸರಿ? ರನ್ನುಗಳನ್ನು ಔಟಾದ ಸಲಗಳಿಂದ ಭಾಗಿಸಬೇಕಷ್ಟೆ. ಇಲ್ಲಿ ಭಾಜಕ ಸೊನ್ನೆ! ಉತ್ತರವೇ ಇಲ್ಲ. ಸೊನ್ನೆಯ ಬದಲು ಒಂದೆಂದು ಹಿಡಿದರೆ ಸೂಚ್ಯಂಕ 1,043 ಬರುತ್ತದೆ. ಆದರೆ ಅದು ಅವರಿಗೆ ಅನ್ಯಾಯ, ಏಕೆಂದರೆ ಅವರ ಆಟ ಮುಗಿದದ್ದು ಜೊತೆಗಾರರು ಮುಗಿದುದರಿಂದ.

ಇಂಥ ವಿಪರೀತ ಅಂಕಿಗಳು ಒಂದೇ ಇನಿಂಗ್ಸಿನ ಲೆಕ್ಕದಲ್ಲಿ ಬರುವುದು ಸಹಜ. ಕೈಜಾರಿದ ಒಂದು ಕ್ಯಾಚು ಸಾಕು, ಎಲ್ಲವೂ ತಲೆಕೆಳಗು. ಇನಿಂಗ್ಸುಗಳು ಹೆಚ್ಚಿದಂತೆ ಅದೃಷ್ಟದ ಏರಿಳಿತಗಳು ಪರಸ್ಪರ ಅಳಿಸಿಕೊಳ್ಳುತ್ತವೆ. ವಿಶ್ವನಾಥ್ 91 ಟೆಸ್ಟುಗಳಲ್ಲಿ 41.93ರ ಸರಾಸರಿಯಲ್ಲಿ 6,080 ರನ್ನುಗಳನ್ನೂ, ದ್ರಾವಿಡ್ 164 ಟೆಸ್ಟುಗಳಲ್ಲಿ 52.31ರ ಸರಾಸರಿಯಲ್ಲಿ 13,288 ರನ್ನುಗಳನ್ನೂ ಗಳಿಸಿದರು. ಇವೆರಡನ್ನು ಪಕ್ಕಪಕ್ಕದಲ್ಲಿಟ್ಟು ಹಿರಿಯರಾರೆಂದು ತೀರ್ಮಾನಿಸುವುದು ಕಲ್ಮಲದ ಮಳೆಯನ್ನು ಆಗುಂಬೆಯ ಮಳೆಯೊಡನೆ ಹೋಲಿಸಿದಂತೆ. ಮೊದಲು ಆಯಾ ಕಾಲದ, ಆಯಾ ಮೈದಾನಗಳ ಸರಾಸರಿಯನ್ನು ಕಂಡುಹಿಡಿಯಬೇಕು. ವಿದ್ಯಾರ್ಥಿಗಳು ತಮ್ಮ ಶಾಲಾ ತಂಡದ ಸ್ಕೋರು ಪುಸ್ತಕದಿಂದಲೇ ಈ ಕೆಲಸವನ್ನು ಆರಂಭಿಸಬಹುದು. ಒಂದು ಋತುವಿನ ಪಂದ್ಯಗಳಾದರೂ ಇರಲಿ, ಔಟಾಗದವರ ಹೆಸರಿನ ಮುಂದೆ ನಕ್ಷತ್ರ ಹಾಕುವುದನ್ನು ಮರೆಯದಿರಲಿ.